ವಿಶ್ವವಿದ್ಯಾಲಯಗಳ ದೋಣಿಸ್ಪರ್ಧೆ: ಇತಿಹಾಸ ಮತ್ತು ಸಂಪ್ರದಾಯ

ಲಂಡನ್ ನಗರದ ಪಶ್ಚಿಮ ಭಾಗದಲ್ಲಿ ಥೇಮ್ಸ್ ನದಿಯು ಹಾವಿನಂತೆ ಬಳುಕಿ ಹರಿಯುತ್ತದೆ. ಅಲ್ಲಿಯ ಪಟ್ನಿ ಎಂಬಲ್ಲಿಂದ ಮಾರ್ಟ್‌ಲೇಕ್ ಎಂಬಲ್ಲಿಯವರೆಗೆ, 4 ಮೈಲಿ 374 ಗಜಗಳ ಜಲಮಾರ್ಗದಲ್ಲಿ, ಪ್ರತಿವರ್ಷ ವಸಂತಕಾಲದ ಒಂದು ದಿನ ಎರಡು ನೀಳವಾದ ದೋಣಿಗಳು ಅಕ್ಕಪಕ್ಕದಲ್ಲಿ ಧಾವಿಸುತ್ತವೆ. ಒಂದರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎಂಟು ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಂಟು ವಿದ್ಯಾರ್ಥಿಗಳು. ಒಂದೊಂದು ದೋಣಿಗೂ ಒಬ್ಬೊಬ್ಬ ಚುಕ್ಕಾಣಿಗ. ಇಪ್ಪತ್ತು ನಿಮಿಷಗಳ ಒಳಗೆ ಎಲ್ಲವೂ ಮುಗಿದುಹೋಗುತ್ತದೆ. ಗೆದ್ದವರಿಗೆ ಬಹುಮಾನದ ಹಣವಿಲ್ಲ. ಹಾಗಿದ್ದರೂ ಆ ಅಲ್ಪ ಹೊತ್ತಿಗಾಗಿ ಎರಡೂ ದಂಡೆಗಳಲ್ಲಿ ಲಕ್ಷಾಂತರ ಜನ ನೆರೆಯುತ್ತಾರೆ. ಇವರಲ್ಲಿ ಬಹುಮಂದಿ ಆ ಎರಡು ವಿಶ್ವವಿದ್ಯಾಲಯಗಳ ಮೆಟ್ಟಿಲನ್ನೂ ತುಳಿದವರಲ್ಲ.

ಈ ಪಂದ್ಯದ ಶಿಸ್ತನ್ನೂ ಸೌಹಾರ್ದವನ್ನೂ ಹೊಗಳಿ ಬರೆದ ಬರಹಗಳಿಗೆ ಕೊರತೆಯಿಲ್ಲ. ಆ ಹೊಗಳಿಕೆಯಲ್ಲಿ ಬಹುಪಾಲು ನಿಜವೂ ಹೌದು. ಆದರೆ ದೋಣಿಯಲ್ಲಿ ಕುಳಿತುಕೊಳ್ಳುವ ಅರ್ಹತೆ ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬ ಪ್ರಶ್ನೆಯೊಂದು ಈ ಸಂಪ್ರದಾಯದ ಜೊತೆಯಲ್ಲಿಯೇ ಬೆಳೆದು ಬಂದಿದೆ. ಅದನ್ನು ಬಿಟ್ಟು ಈ ಚರಿತ್ರೆಯನ್ನು ಹೇಳಿದರೆ ಅದು ಅರ್ಧ ಚರಿತ್ರೆಯಾದೀತು.

ಹುಟ್ಟು ಹಾಕುವ ವಿದ್ಯೆ ಮೊದಲು ವಿದ್ಯಾರ್ಥಿಗಳದ್ದಾಗಿರಲಿಲ್ಲ, ಅಂಬಿಗರದ್ದಾಗಿತ್ತು. ಲಂಡನ್ನಿನಲ್ಲಿ ಸೇತುವೆಗಳು ವಿರಳವಾಗಿದ್ದ ಶತಮಾನಗಳಲ್ಲಿ ಜನರನ್ನು ದಡದಿಂದ ದಡಕ್ಕೆ ಸಾಗಿಸುತ್ತಿದ್ದವರು ಈ ಅಂಬಿಗರೇ. ಅವರ ವೃತ್ತಿಯನ್ನು ನಿಯಂತ್ರಿಸುವುದಕ್ಕೆ 1555ರಷ್ಟು ಹಿಂದೆಯೇ ಇಂಗ್ಲೆಂಡಿನ ಪಾರ್ಲಿಮೆಂಟು ಕಾಯಿದೆಯನ್ನು ಮಾಡಿತ್ತು. ಥಾಮಸ್ ಡಾಗೆಟ್ ಎಂಬ ನಾಟಕದ ನಟನು 1715ರಲ್ಲಿ ಎಳೆಯ ಅಂಬಿಗರಿಗಾಗಿ ಒಂದು ಪಂದ್ಯವನ್ನು ಏರ್ಪಡಿಸಿದನು. ಲಂಡನ್ ಸೇತುವೆಯಿಂದ ಚೆಲ್ಸಿಯವರೆಗೆ ಹುಟ್ಟು ಹಾಕಿ ಗೆದ್ದವನಿಗೆ ಕೆಂಪು ಅಂಗಿ, ತೋಳಿಗೆ ತೊಡುವ ಬೆಳ್ಳಿಯ ಬಿಲ್ಲೆ. ಮುನ್ನೂರು ವರ್ಷ ಕಳೆದರೂ ಆ ಪಂದ್ಯ ನಿಂತಿಲ್ಲ. ವಿಶ್ವವಿದ್ಯಾಲಯಗಳ ಪಂದ್ಯಕ್ಕಿಂತ ಅದು 114 ವರ್ಷ ಹಿರಿಯದು ಎಂಬುದನ್ನು ಮರೆಯಬಾರದು. ಶ್ರೀಮಂತರ ಮಕ್ಕಳು ಹುಟ್ಟು ಹಿಡಿಯಲು ಕಲಿತದ್ದು ಇಂಥ ಅಂಬಿಗರನ್ನು ನೋಡಿ, ಎಷ್ಟೋ ಸಲ ಅವರಿಂದಲೇ.

ಆಕ್ಸ್‌ಫರ್ಡಿನ ಕಾಲೇಜುಗಳ ನಡುವೆ ದೋಣಿಸ್ಪರ್ಧೆಯು 1815ರ ಹೊತ್ತಿಗೆ ಆರಂಭವಾಯಿತು, ಕೇಂಬ್ರಿಜ್ಜಿನಲ್ಲಿ 1827ರಲ್ಲಿ. ಹೊರಗಿನವರಿಗೆ ಅಷ್ಟಾಗಿ ತಿಳಿಯದ ಈ ಕಾಲೇಜು ಪಂದ್ಯಗಳ ಕ್ರಮವು ಬಹಳ ಸ್ವಾರಸ್ಯವಾದದ್ದು. ಎರಡು ಊರುಗಳಲ್ಲಿಯೂ ನದಿ ಕಿರಿದು. ದೋಣಿಗಳು ಸಾಲಾಗಿ ಪಕ್ಕಪಕ್ಕದಲ್ಲಿ ನಿಲ್ಲುವುದಕ್ಕೆ ಜಾಗವಿಲ್ಲ. ಆದ್ದರಿಂದ ಅವು ಒಂದರ ಹಿಂದೆ ಒಂದು ನಿಲ್ಲುತ್ತವೆ. ಕೇಂಬ್ರಿಜ್ಜಿನಲ್ಲಿ ಎರಡು ದೋಣಿಗಳ ನಡುವಣ ಅಂತರ ಒಂದೂವರೆ ದೋಣಿಯುದ್ದ. ದಡಕ್ಕೆ ಕಟ್ಟಿದ ಸರಪಣಿಯ ತುದಿಯನ್ನು ಚುಕ್ಕಾಣಿಗನು ಹಿಡಿದುಕೊಂಡಿರುತ್ತಾನೆ. ಫಿರಂಗಿ ಮೊಳಗಿತೆಂದರೆ ಸರಪಣಿಯನ್ನು ಬಿಟ್ಟು ಎಲ್ಲ ದೋಣಿಗಳೂ ಏಕಕಾಲಕ್ಕೆ ಹೊರಡುತ್ತವೆ. ಮುಂದಿನ ದೋಣಿಯನ್ನು ಮುಟ್ಟಬೇಕು, ಹಿಂದಿನ ದೋಣಿ ತನ್ನನ್ನು ಮುಟ್ಟದಂತೆ ತಪ್ಪಿಸಿಕೊಳ್ಳಬೇಕು. ಮುಟ್ಟಿದ ಕೂಡಲೇ ಆ ಎರಡೂ ದೋಣಿಗಳು ದಡಕ್ಕೆ ಸರಿದು ಉಳಿದವುಗಳಿಗೆ ದಾರಿ ಬಿಡುತ್ತವೆ. ಮರುದಿನ ಅವುಗಳ ಸ್ಥಾನ ಅದಲುಬದಲಾಗುತ್ತದೆ. ನಾಲ್ಕು ದಿನಗಳ ಕಾಲ ಈ ಬೆನ್ನಟ್ಟುವ ಆಟ ನಡೆಯುತ್ತದೆ. ಕೊನೆಯಲ್ಲಿ ಸಾಲಿನ ಮೊದಲ ಸ್ಥಾನದಲ್ಲಿ ಉಳಿದ ಕಾಲೇಜಿಗೆ ‘ನದಿಯ ಅಗ್ರಸ್ಥಾನ’ದ ಗೌರವ.

ಇದರಲ್ಲಿ ಗಮನಿಸಬೇಕಾದ ವಿಶೇಷವೊಂದುಂಟು. ಈ ವರ್ಷ ದೋಣಿಯು ಯಾವ ಸ್ಥಾನದಲ್ಲಿ ಮುಗಿಸಿತೋ ಮುಂದಿನ ವರ್ಷ ಅದೇ ಸ್ಥಾನದಿಂದ ಹೊರಡುತ್ತದೆ. ಹುಟ್ಟು ಹಾಕಿದ ಹುಡುಗರು ಪದವಿ ಪಡೆದು ಊರು ಬಿಟ್ಟಿರುತ್ತಾರೆ. ಅವರು ಗಳಿಸಿದ ಅಥವಾ ಕಳೆದುಕೊಂಡ ಸ್ಥಾನ ಮಾತ್ರ ಅವರ ಮುಖವನ್ನೂ ಕಾಣದ ಕಿರಿಯರ ಪಾಲಿಗೆ ಬರುತ್ತದೆ. ಸಾಲಿನ ಕೆಳಗಿನ ಕಾಲೇಜೊಂದು ಒಂದೇ ವರ್ಷದಲ್ಲಿ ತಲೆಯನ್ನು ಮುಟ್ಟಲಾರದು. ಅದಕ್ಕೆ ಹಲವು ತಲೆಮಾರುಗಳ ವಿದ್ಯಾರ್ಥಿಗಳು ಬೇಕು. ನಾಲ್ಕು ದಿನವೂ ಮುಂದಿನವರನ್ನು ಮುಟ್ಟಿದ ತಂಡದವರು ತಮ್ಮ ಹೆಸರುಗಳನ್ನು ಬರೆಯಿಸಿದ ಹುಟ್ಟನ್ನು ಪಡೆದು ಜೀವಮಾನವಿಡೀ ಮನೆಯ ಗೋಡೆಯ ಮೇಲೆ ತೂಗುಹಾಕಿಕೊಳ್ಳುತ್ತಾರೆ. ನಾಲ್ಕು ದಿನವೂ ಮುಟ್ಟಿಸಿಕೊಂಡವರಿಗೆ ಮರದ ಸೌಟಿನ ಬಿರುದು. ಕೇಂಬ್ರಿಜ್ಜಿನ ‘ಮೇ’ ಪಂದ್ಯಗಳು ನಡೆಯುವುದು ಜೂನ್ ತಿಂಗಳಿನಲ್ಲಿ. ತಿಂಗಳು ಬದಲಾದರೂ ಹೆಸರನ್ನು ಬದಲಿಸಲು ಯಾರಿಗೂ ಮನಸ್ಸು ಬಂದಿಲ್ಲ.

ಎರಡು ವಿಶ್ವವಿದ್ಯಾಲಯಗಳ ನಡುವಣ ಪಂದ್ಯ ಹುಟ್ಟಿದ್ದು ಇಬ್ಬರು ಗೆಳೆಯರಿಂದ. ಚಾರ್ಲ್ಸ್ ವರ್ಡ್ಸ್‌ವರ್ತ್ ಮತ್ತು ಚಾರ್ಲ್ಸ್ ಮೆರಿವೇಲ್ ಎಂಬವರು ಹ್ಯಾರೋ ಶಾಲೆಯಲ್ಲಿ ಸಹಪಾಠಿಗಳಾಗಿದ್ದರು. ಮೊದಲನೆಯವನು ಕವಿ ವಿಲಿಯಂ ವರ್ಡ್ಸ್‌ವರ್ತನ ತಮ್ಮನ ಮಗ. ಓದಿದ್ದು ಆಕ್ಸ್‌ಫರ್ಡಿನಲ್ಲಿ, ಆದರೆ ತಂದೆ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥನಾಗಿದ್ದುದರಿಂದ ರಜೆಗೆ ಬರುತ್ತಿದ್ದುದು ಎದುರಾಳಿಯ ಊರಿಗೇ. ಎರಡನೆಯವನು ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನವನು. ಇವರ ಮಾತುಕತೆಯ ಫಲವಾಗಿ 1829ರ ಮಾರ್ಚ್ 12ರಂದು ಕೇಂಬ್ರಿಜ್ಜಿನ ವಿದ್ಯಾರ್ಥಿಗಳು ಸಭೆ ಸೇರಿ ಆಕ್ಸ್‌ಫರ್ಡಿಗೆ ಪಂಥಾಹ್ವಾನವನ್ನು ಕಳುಹಿಸಿದರು. ಲಂಡನ್ನಿನ ಬಳಿ, ಈಸ್ಟರ್ ರಜೆಯಲ್ಲಿ, ಎಂಟು ಹುಟ್ಟುಗಳ ದೋಣಿಯಲ್ಲಿ ಎದುರಾಗಬೇಕೆಂಬುದು ಆಹ್ವಾನದ ಸಾರ. ಕೊನೆಗೆ ಪಂದ್ಯ ನಡೆದದ್ದು ಜೂನ್ 10ರಂದು, ಥೇಮ್ಸ್ ದಂಡೆಯ ಹೆನ್ಲಿ ಎಂಬ ಪುಟ್ಟ ಪಟ್ಟಣದಲ್ಲಿ. ಮೊದಲ ಸಲ ಹೊರಟಾಗ ದೋಣಿಗಳು ಒಂದಕ್ಕೊಂದು ತಾಗಿದ್ದರಿಂದ ಮತ್ತೆ ಹೊರಡಬೇಕಾಯಿತು. ಎರಡನೆಯ ಸಲ ಆಕ್ಸ್‌ಫರ್ಡ್ ಸುಲಭವಾಗಿ ಗೆದ್ದಿತು. ವರ್ಡ್ಸ್‌ವರ್ತ್ ಮುಂದೆ ಬಿಷಪ್ ಆದನು. ಮೆರಿವೇಲ್ ರೋಮ್ ಸಾಮ್ರಾಜ್ಯದ ಇತಿಹಾಸಕಾರನಾಗಿ, ಈಲಿ ಪಟ್ಟಣದ ಮಹಾದೇವಾಲಯದ ಡೀನ್ ಆಗಿ ಹೆಸರು ಪಡೆದನು. ಇದೇ ವರ್ಡ್ಸ್‌ವರ್ತ್ 1827ರಲ್ಲಿ ಎರಡು ವಿಶ್ವವಿದ್ಯಾಲಯಗಳ ನಡುವೆ ಮೊದಲ ಕ್ರಿಕೆಟ್ ಪಂದ್ಯವನ್ನೂ ಏರ್ಪಡಿಸಿದ್ದನೆಂದರೆ ಅವನ ಉತ್ಸಾಹ ಎಂಥದೆಂದು ತಿಳಿಯುತ್ತದೆ.

ಅಂದಿನಿಂದ ಉಳಿದುಬಂದ ಒಂದು ರೂಢಿಯೆಂದರೆ ಪ್ರತಿವರ್ಷವೂ ಹಿಂದಿನ ವರ್ಷ ಸೋತವರು ಗೆದ್ದವರಿಗೆ ವಿಧಿಪೂರ್ವಕವಾಗಿ ಪಂಥಾಹ್ವಾನ ನೀಡುವುದು. ಯಾವ ದಡದ ಕಡೆಯ ಸ್ಥಾನ ಯಾರಿಗೆಂಬುದನ್ನು ನಿರ್ಧರಿಸಲು ಚಿಮ್ಮುವ ನಾಣ್ಯವೂ 1829ರಲ್ಲಿ ಟಂಕಿಸಿದ ಚಿನ್ನದ ಸಾವರಿನ್.

ಎರಡನೆಯ ಪಂದ್ಯಕ್ಕೆ ಏಳು ವರ್ಷ ಕಾಯಬೇಕಾಯಿತು. 1836ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಿಂದ ಪಟ್ನಿಯವರೆಗೆ ನಡೆದ ಆ ಪಂದ್ಯದಲ್ಲಿ ಕೇಂಬ್ರಿಜ್ ಗೆದ್ದಿತು. ಅಂದು ಕೇಂಬ್ರಿಜ್ ದೋಣಿಯ ಮೂತಿಗೆ ಕಟ್ಟಿದ ಒಂದು ತುಂಡು ತಿಳಿನೀಲಿ ಪಟ್ಟಿಯೇ ಮುಂದೆ ಆ ವಿಶ್ವವಿದ್ಯಾಲಯದ ಬಣ್ಣವಾಯಿತು, ಆಕ್ಸ್‌ಫರ್ಡಿನದು ಕಡುನೀಲಿ. ಈ ಪಂದ್ಯದಲ್ಲಿ ಹುಟ್ಟು ಹಾಕಿದವರಿಗೆ ‘ಬ್ಲೂ’ ಎಂಬ ಬಿರುದು ಬಂದದ್ದು ಇದರಿಂದಲೇ. ವೆಸ್ಟ್‌ಮಿನ್‌ಸ್ಟರಿನ ಬಳಿ ನದಿಯಲ್ಲಿ ಸಂಚಾರ ಅತಿಯಾದ ಕಾರಣ 1845ರಲ್ಲಿ ಪಂದ್ಯ ಪಟ್ನಿ–ಮಾರ್ಟ್‌ಲೇಕ್ ಮಾರ್ಗಕ್ಕೆ ಬಂದಿತು. 1856ರಿಂದ ಅದು ವಾರ್ಷಿಕವಾಗಿ ನಡೆಯುತ್ತಿದೆ. ಎರಡು ಮಹಾಯುದ್ಧಗಳ ಕಾಲದಲ್ಲಿಯೂ 2020ರ ಸಾಂಕ್ರಾಮಿಕದ ವರ್ಷದಲ್ಲಿಯೂ ಮಾತ್ರ ತಪ್ಪಿತು. ಮೊದಲ ಪಂದ್ಯದಿಂದ ಹೆಸರಾದ ಹೆನ್ಲಿ ಪಟ್ಟಣವು 1839ರಿಂದ ತನ್ನದೇ ದೋಣಿ ಉತ್ಸವವನ್ನು ಏರ್ಪಡಿಸತೊಡಗಿತು. 1843ರ ಹೆನ್ಲಿ ಉತ್ಸವದಲ್ಲಿ ಆಕ್ಸ್‌ಫರ್ಡ್ ತಂಡದ ಒಬ್ಬನು ಅಸ್ವಸ್ಥನಾದಾಗ ಬದಲಿಯವನನ್ನು ಕೂರಿಸಲು ಕೇಂಬ್ರಿಜ್ಜಿನ ಎದುರಾಳಿಗಳು ಒಪ್ಪಲಿಲ್ಲ. ಉಳಿದ ಏಳು ಮಂದಿಯೇ ಹುಟ್ಟು ಹಾಕಿ ಎಂಟು ಮಂದಿಯನ್ನು ಸೋಲಿಸಿದರು. ಸೌಹಾರ್ದದ ಕಥೆಗಳ ನಡುವೆ ಇಂಥದೂ ಒಂದಿದೆ.

ಪಂದ್ಯದ ಸ್ವರೂಪವನ್ನು ತಿಳಿಯಬೇಕಾದರೆ ನದಿಯನ್ನೂ ದೋಣಿಯನ್ನೂ ಸ್ವಲ್ಪ ತಿಳಿಯಬೇಕು. ಪಟ್ನಿಯ ಬಳಿ ಥೇಮ್ಸ್ ನದಿಗೆ ಸಮುದ್ರದ ಉಬ್ಬರವಿಳಿತ ತಟ್ಟುತ್ತದೆ. ಉಬ್ಬರದ ನೀರು ಒಳನಾಡಿನ ಕಡೆಗೆ ನುಗ್ಗುವಾಗ, ಅದು ತುಂಬುವುದಕ್ಕೆ ಸುಮಾರು ಒಂದೂವರೆ ಗಂಟೆ ಮುಂಚೆ, ಪಂದ್ಯ ಹೊರಡುತ್ತದೆ. ನದಿ ಇಳಿಯುವ ದಿಕ್ಕಿಗೆ ಎದುರಾಗಿ, ಆದರೆ ಸಮುದ್ರದ ಸೆಳೆತದ ಜೊತೆಯಲ್ಲಿ ದೋಣಿಗಳು ಸಾಗುತ್ತವೆ. ಆದ್ದರಿಂದ ಪಂದ್ಯದ ಹೊತ್ತನ್ನು ಗೊತ್ತುಮಾಡುವುದು ಗಡಿಯಾರವಲ್ಲ, ಚಂದ್ರ. ನದಿಯ ಮಧ್ಯಭಾಗದಲ್ಲಿ ಸೆಳೆತ ಹೆಚ್ಚು. ಆ ಕಿರಿದಾದ ಪಟ್ಟಿಯನ್ನು ಹಿಡಿಯುವುದಕ್ಕಾಗಿ ಇಬ್ಬರು ಚುಕ್ಕಾಣಿಗರೂ ಹೋರಾಡುತ್ತಾರೆ, ಹುಟ್ಟುಗಳು ತಾಗುವಷ್ಟು ಹತ್ತಿರ ಬಂದು ಅಂಪೈರಿನ ಎಚ್ಚರಿಕೆಯನ್ನು ಕೇಳಿಸಿಕೊಳ್ಳುತ್ತಾರೆ. ಮೊದಲ ತಿರುವು ಉತ್ತರದ ಮಿಡ್ಲ್‌ಸೆಕ್ಸ್ ದಡದ ದೋಣಿಗೆ ಅನುಕೂಲ. ಹ್ಯಾಮರ್‌ಸ್ಮಿತ್ ಸೇತುವೆಯ ಸುತ್ತಲಿನ ದೀರ್ಘ ತಿರುವು ದಕ್ಷಿಣದ ಸರ್ರೆ ದಡಕ್ಕೆ ಅನುಕೂಲ. ಬಾರ್ನ್ಸ್ ಸೇತುವೆಯ ಬಳಿಯ ಕೊನೆಯ ತಿರುವು ಮತ್ತೆ ಮಿಡ್ಲ್‌ಸೆಕ್ಸಿನದು. ನಾಣ್ಯ ಗೆದ್ದ ನಾಯಕನು ಆರಂಭದ ಲಾಭವನ್ನು ಆರಿಸಿಕೊಳ್ಳುವನೋ ನಡುವಣ ದೊಡ್ಡ ಲಾಭವನ್ನೋ ಎಂಬುದೇ ಪಂದ್ಯದ ಮೊದಲ ಯುದ್ಧತಂತ್ರ.

ಕೇರಳದ ಹಾವುದೋಣಿಗಳಲ್ಲಿ ಹುಟ್ಟು ಹಾಕುವವರು ಮುಂದೆ ನೋಡಿ ಕುಳಿತಿರುತ್ತಾರೆ. ತುಂಗಭದ್ರೆಯ ಹರಿಗೋಲಿನವನೂ ತಾನು ಹೋಗುವ ದಡವನ್ನು ಕಣ್ಣಾರೆ ಕಾಣುತ್ತಾನೆ. ಈ ಎಂಟು ಮಂದಿ ಮಾತ್ರ ಗುರಿಗೆ ಬೆನ್ನು ಹಾಕಿ ಕುಳಿತಿರುತ್ತಾರೆ. ಮುಂದೆ ಏನಿದೆಯೆಂದು ಬಲ್ಲವನು ಚುಕ್ಕಾಣಿಗನೊಬ್ಬನೇ. ಅವನಾದರೋ ಹುಟ್ಟು ಮುಟ್ಟುವವನಲ್ಲ. ಚುಕ್ಕಾಣಿಗನಿಗೆ ಎದುರಾಗಿ ಕುಳಿತವನು ಲಯವನ್ನು ಹಾಕಿಕೊಡುತ್ತಾನೆ. ಉಳಿದ ಏಳು ಮಂದಿಗೆ ಕಾಣುವುದು ಎದುರಿಗಿರುವವನ ಬೆನ್ನು ಮಾತ್ರ. ಈ ವ್ಯವಸ್ಥೆಯಿಂದ ಒಂದು ವಿಚಿತ್ರ ಪರಿಣಾಮವೂ ಉಂಟು. ಮುಂದಿರುವ ತಂಡಕ್ಕೆ ಹಿಂದೆ ಬಿದ್ದವರು ಸ್ಪಷ್ಟವಾಗಿ ಕಾಣುತ್ತಾರೆ. ಹಿಂದೆ ಬಿದ್ದವರಿಗೆ ಎದುರಾಳಿ ಕಾಣುವುದೇ ಇಲ್ಲ, ಅವನ ಹುಟ್ಟುಗಳು ಕಲಕಿಬಿಟ್ಟ ನೀರು ಮಾತ್ರ ಕಾಣುತ್ತದೆ. ಇಡೀ ದಾರಿಗೆ ಒಬ್ಬೊಬ್ಬನೂ ಸುಮಾರು 600 ಸಲ ಹುಟ್ಟನ್ನು ಎಳೆಯಬೇಕು. ಎಂಟು ಮಂದಿಯಲ್ಲಿ ಒಬ್ಬನು ಕಣ್ಣೆವೆಯಿಕ್ಕುವಷ್ಟು ತಡಮಾಡಿದರೂ ದೋಣಿ ಓಲಾಡುತ್ತದೆ. ಅತಿ ಬಲಿಷ್ಠರಾದ ಎಂಟು ಮಂದಿಯನ್ನು ಕೂಡಿಹಾಕಿದ ಮಾತ್ರಕ್ಕೆ ದೋಣಿ ವೇಗವಾಗಿ ಓಡದೆಂಬುದು ಈ ಕ್ರೀಡೆಯ ಹಳೆಯ ಅನುಭವ.

ದೋಣಿಯೂ ಕಾಲಕ್ಕೆ ತಕ್ಕಂತೆ ಬದಲಾಯಿತು. 1846ರಲ್ಲಿ ಹುಟ್ಟನ್ನು ದೋಣಿಯ ಅಂಚಿಗೇ ಸಿಕ್ಕಿಸುವ ಬದಲು ಹೊರಕ್ಕೆ ಚಾಚಿದ ಕಬ್ಬಿಣದ ತೋಳುಗಳಿಗೆ ಸಿಕ್ಕಿಸಿದರು. ಅದರಿಂದ ದೋಣಿಯ ಅಗಲವನ್ನು ಕಡಿಮೆ ಮಾಡುವುದು ಸಾಧ್ಯವಾಯಿತು. 1857ರಲ್ಲಿ ತಳದ ನೀಳ ದಿಮ್ಮಿಯನ್ನೇ ತೆಗೆದುಹಾಕಿದ ನುಣುಪಾದ ದೋಣಿ ಬಂದಿತು. 1873ರಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುವ ಪೀಠಗಳು ಬಂದವು. ಅಲ್ಲಿಯವರೆಗೆ ಬೆನ್ನು ಮತ್ತು ತೋಳುಗಳಿಂದ ಎಳೆಯುತ್ತಿದ್ದವರು ಅಂದಿನಿಂದ ಕಾಲುಗಳ ಬಲವನ್ನು ಪೂರ್ತಿಯಾಗಿ ಬಳಸತೊಡಗಿದರು. 1998ರಲ್ಲಿ ಕೇಂಬ್ರಿಜ್ ಇಡೀ ಮಾರ್ಗವನ್ನು 16 ನಿಮಿಷ 19 ಸೆಕೆಂಡುಗಳಲ್ಲಿ ಮುಗಿಸಿತು.

ಗೆಲುವಿನ ತೂಕ ಒಮ್ಮೆ ಒಬ್ಬರ ಕಡೆಗೆ, ಒಮ್ಮೆ ಇನ್ನೊಬ್ಬರ ಕಡೆಗೆ ವಾಲಿದೆ. 1861ರಿಂದ 1869ರವರೆಗೆ ಆಕ್ಸ್‌ಫರ್ಡ್ ಸತತವಾಗಿ ಒಂಬತ್ತು ಸಲ ಗೆದ್ದಿತು. ಆ ಸರಪಣಿಯನ್ನು 1870ರಲ್ಲಿ ಮುರಿದ ಕೇಂಬ್ರಿಜ್ ನಾಯಕ ಜಾನ್ ಗೋಲ್ಡಿಯ ಹೆಸರನ್ನು ಅಲ್ಲಿಯ ಎರಡನೆಯ ತಂಡದ ದೋಣಿ ಇಂದಿಗೂ ಹೊತ್ತಿದೆ. 1924ರಿಂದ 1936ರವರೆಗೆ ಕೇಂಬ್ರಿಜ್ ಹದಿಮೂರು ಸಲ ಸತತವಾಗಿ ಗೆದ್ದಿತು. ಅದಕ್ಕೆ ಮೊದಲಿನ ವರ್ಷ, 1923ರಲ್ಲಿ, ಗೆದ್ದ ಆಕ್ಸ್‌ಫರ್ಡ್ ದೋಣಿಯಲ್ಲಿ ಆ್ಯಂಡ್ರೂ ಅರ್ವಿನ್ ಎಂಬ ತರುಣನಿದ್ದನು. ಮರುವರ್ಷವೇ ಅವನು ಮ್ಯಾಲರಿಯ ಜೊತೆಯಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದನು. 1912ರಲ್ಲಿ ಬಿರುಗಾಳಿಗೆ ಸಿಕ್ಕಿ ಎರಡೂ ದೋಣಿಗಳು ನೀರು ತುಂಬಿದವು, ಪಂದ್ಯವನ್ನು ಮತ್ತೆ ನಡೆಸಬೇಕಾಯಿತು. 1978ರಲ್ಲಿ ಕೇಂಬ್ರಿಜ್ ದೋಣಿ ಮುಳುಗಿತು. 2003ರಲ್ಲಿ ಆಕ್ಸ್‌ಫರ್ಡ್ ಒಂದೇ ಒಂದು ಅಡಿಯ ಅಂತರದಿಂದ ಗೆದ್ದಿತು. 2025ರ ಪಂದ್ಯ ಮುಗಿದಾಗ ಪುರುಷರ ಪಂದ್ಯಗಳಲ್ಲಿ ಕೇಂಬ್ರಿಜ್ಜಿನ ಗೆಲುವು 88, ಆಕ್ಸ್‌ಫರ್ಡಿನದು 81. ಉಳಿದ ಒಂದು ಯಾರದೂ ಅಲ್ಲ.

ಆ ಒಂದರ ಕಥೆ 1877ರದು. ಮುಂದಿದ್ದ ಆಕ್ಸ್‌ಫರ್ಡ್ ದೋಣಿಯ ತುದಿಯವನ ಹುಟ್ಟು ಬಾರ್ನ್ಸ್ ಬಳಿ ಬಿರುಕುಬಿಟ್ಟಿತು. ಕೇಂಬ್ರಿಜ್ ಬೆನ್ನಟ್ಟಿ ಬಂದು ಹತ್ತಿರ ಸೇರಿತು. ಕೊನೆಯ ಗೆರೆಯಲ್ಲಿ ತೀರ್ಪುಗಾರನಾಗಿದ್ದವನು ಜಾನ್ ಫೆಲ್ಪ್ಸ್ ಎಂಬ ವೃದ್ಧ ಅಂಬಿಗ. ದಡದಲ್ಲಿ ಸರಿಯಾದ ಗುರುತುಕಂಬಗಳಿರಲಿಲ್ಲ. ಅವನು ಎರಡೂ ದೋಣಿಗಳು ಸಮಸಮವಾಗಿ ಬಂದವೆಂದು ತೀರ್ಪು ಕೊಟ್ಟನು. ತಾವೇ ಗೆದ್ದೆವೆಂದು ನಂಬಿದ್ದ ಆಕ್ಸ್‌ಫರ್ಡಿನವರಿಗೆ ಇದು ಸರಿಬೀಳಲಿಲ್ಲ. ಕ್ರಮೇಣ, ಆ ಅಂಬಿಗನು ಕುಡಿದು ಪೊದೆಯ ಕೆಳಗೆ ನಿದ್ರೆಹೋಗಿದ್ದನೆಂದೂ, ‘ಆಕ್ಸ್‌ಫರ್ಡಿಗೆ ಆರು ಅಡಿಗಳಿಂದ ಸರಿಸಮ’ ಎಂದು ತೊದಲಿದನೆಂದೂ ಹಾಸ್ಯಕಥೆಗಳು ಹುಟ್ಟಿಕೊಂಡು, ಓದುಬಲ್ಲವರ ಬಾಯಿಂದ ಬಾಯಿಗೆ ಹರಡಿ, ಇತಿಹಾಸವೆಂಬಂತೆ ನಿಂತುಬಿಟ್ಟವು. ಗೆರೆಯೇ ಇಲ್ಲದ ಕಡೆ ಗೆರೆಯನ್ನು ಯಾರು ಮೊದಲು ದಾಟಿದರೆಂದು ಹೇಳಲಾರೆನೆಂದವನು ಪ್ರಾಮಾಣಿಕನೋ ಕುಡುಕನೋ ಎಂಬುದನ್ನು ವಾಚಕರು ನಿರ್ಣಯಿಸಬಹುದು. ಗುರುತುಕಂಬಗಳನ್ನು ನೆಡಿಸಿದ್ದು ಆಮೇಲೆ. ಫೆಲ್ಪ್ಸ್ ಮನೆತನದವರು ಮಾತ್ರ ತಲೆಮಾರುಗಳವರೆಗೆ ನದಿಯನ್ನು ಬಿಡಲಿಲ್ಲ. ಅವರಲ್ಲಿ ಹಲವರು ಡಾಗೆಟ್ಟನ ಕೆಂಪಂಗಿಯನ್ನು ತೊಟ್ಟರು.

ಈ ಪ್ರಸಂಗ ನಡೆದ ಕಾಲದ ಗಾಳಿಯೇ ಅಂಥದಾಗಿತ್ತು. ಹಣಕ್ಕಾಗಿ ಅಲ್ಲದೆ ಆಟಕ್ಕಾಗಿ ಆಡುವುದು ಉದಾತ್ತವೆಂಬ ಭಾವನೆ ವಿಶ್ವವಿದ್ಯಾಲಯದ ಕ್ರೀಡಾಪಟುಗಳಲ್ಲಿ ಬೇರೂರಿತ್ತು. ಭಾವನೆಯಲ್ಲಿ ದೋಷವಿಲ್ಲ. ಆದರೆ 1879ರಲ್ಲಿ ಹೆನ್ಲಿ ಉತ್ಸವದ ಆಡಳಿತದವರು ‘ಹವ್ಯಾಸಿ’ ಎಂಬ ಪದಕ್ಕೆ ಕೊಟ್ಟ ಲಕ್ಷಣವನ್ನು ನೋಡಿದರೆ ಆ ಉದಾತ್ತತೆಯ ಇನ್ನೊಂದು ಮುಖ ಕಾಣುತ್ತದೆ. ಹಣದ ಪಂದ್ಯದಲ್ಲಿ ಹುಟ್ಟು ಹಾಕಿದವನು ಹವ್ಯಾಸಿಯಲ್ಲ ಎಂದು ಹೇಳಿ ಅವರು ನಿಲ್ಲಲಿಲ್ಲ. ದೋಣಿಗಳ ಕೆಲಸದಲ್ಲಿ ಜೀವನ ನಡೆಸಿದವನು ಹವ್ಯಾಸಿಯಲ್ಲ. ಕೂಲಿಗಾಗಿ ಯಂತ್ರದ ಕೆಲಸ, ಕುಶಲಕರ್ಮ ಅಥವಾ ಮೈಬಗ್ಗಿಸಿ ದುಡಿಯುವ ಕೆಲಸ ಮಾಡಿದವನೂ, ಒಂದು ಕಾಲಕ್ಕೆ ಮಾಡಿ ಬಿಟ್ಟವನೂ ಹವ್ಯಾಸಿಯಲ್ಲ ಎಂದು ವಿಧಿಸಿದರು. ಬಡಗಿಯೊಬ್ಬನು ದೋಣಿಪಂದ್ಯದಿಂದ ಒಂದು ಕಾಸನ್ನೂ ಪಡೆಯದಿದ್ದರೂ, ಬಡಗಿಯಾದ ಕಾರಣಕ್ಕೇ ಅವನಿಗೆ ಬಾಗಿಲು ಮುಚ್ಚಿತು. 1882ರಲ್ಲಿ ಹುಟ್ಟಿದ ಹವ್ಯಾಸಿ ದೋಣಿ ಸಂಘವೂ ಇದೇ ದಾರಿಯನ್ನು ಹಿಡಿಯಿತು. ದೈಹಿಕ ಶ್ರಮ ಮಾಡುವವನ ತೋಳು ಸಹಜವಾಗಿಯೇ ಬಲಿತಿರುತ್ತದೆ, ಆದ್ದರಿಂದ ಓದುವವರೊಡನೆ ಅವನನ್ನು ಸ್ಪರ್ಧೆಗಿಳಿಸುವುದು ಅನ್ಯಾಯ ಎಂಬುದು ಸಮರ್ಥನೆಗಳಲ್ಲೊಂದು. ವರ್ಷವಿಡೀ ಅಭ್ಯಾಸ ಮಾಡುವ ಬಿಡುವುಳ್ಳವರು ಹನ್ನೆರಡು ಗಂಟೆ ದುಡಿಯುವವನ ಬಗ್ಗೆ ಆಡಿದ ಮಾತಿದು!

ಈ ಕಟ್ಟಳೆಯನ್ನು ಎದುರಿಸಿದವರಲ್ಲಿ ಮುಖ್ಯನಾದವನು ಕೇಂಬ್ರಿಜ್ಜಿನಲ್ಲಿಯೇ ಓದಿ ಅಲ್ಲಿಯೇ ಹುಟ್ಟು ಹಾಕಿದ್ದ ಒಬ್ಬ ವಿದ್ವಾಂಸನೆಂಬುದು ಸಂತೋಷದ ಸಂಗತಿ. ಫ್ರೆಡರಿಕ್ ಫರ್ನಿವಾಲನು ಪ್ರಾಚೀನ ಇಂಗ್ಲಿಷ್ ಗ್ರಂಥಗಳ ಸಂಪಾದಕ. ಮುಂದೆ ‘ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು’ ಎಂದು ಪ್ರಸಿದ್ಧವಾದ ಮಹಾಕಾರ್ಯದ ಆರಂಭದ ಸಂಪಾದಕರಲ್ಲಿ ಒಬ್ಬ. ಲಂಡನ್ನಿನಲ್ಲಿ ಕಾರ್ಮಿಕರಿಗಾಗಿ ನಡೆಯುತ್ತಿದ್ದ ಕಾಲೇಜಿನಲ್ಲಿ ಪಾಠ ಹೇಳಿ, ರಜಾದಿನಗಳಲ್ಲಿ ಆ ವಿದ್ಯಾರ್ಥಿಗಳನ್ನು ನದಿಗೆ ಕರೆದೊಯ್ಯುತ್ತಿದ್ದನು. ಕೈಕೆಲಸದವರಿಗೆ ಪ್ರವೇಶ ನೀಡುವ ಬೇರೆಯೇ ರಾಷ್ಟ್ರೀಯ ಸಂಘವೊಂದು 1890ರಲ್ಲಿ ಹುಟ್ಟಿದಾಗ ಅದರ ಬೆನ್ನಿಗೆ ನಿಂತನು. 1896ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಚಹದಂಗಡಿಗಳಲ್ಲಿ ದುಡಿಯುವ ಹುಡುಗಿಯರಿಗಾಗಿ ಹ್ಯಾಮರ್‌ಸ್ಮಿತ್ತಿನಲ್ಲಿ ಒಂದು ದೋಣಿ ಸಂಘವನ್ನು ಕಟ್ಟಿದನು. ಆ ಸಂಘ ಅವನ ಹೆಸರಿನಲ್ಲಿಯೇ ಉಳಿದುಬಂದಿದೆ. ಅದರ ಮನೆ ಇರುವುದು ವಿಶ್ವವಿದ್ಯಾಲಯಗಳ ಪಂದ್ಯ ಹಾದುಹೋಗುವ ಅದೇ ದಂಡೆಯ ಮೇಲೆ.

ಕಟ್ಟಳೆ ಮಾತ್ರ ಬೇಗ ಸಡಿಲಲಿಲ್ಲ. 1920ರಲ್ಲಿ ಅಮೆರಿಕದ ಜಾನ್ ಕೆಲಿ ಎಂಬವನ ಪ್ರವೇಶಪತ್ರವನ್ನು ಹೆನ್ಲಿಯವರು ತಿರಸ್ಕರಿಸಿದರು. ಅವನ ಸಂಘದ ಮೇಲೆ ಹಳೆಯ ನಿಷೇಧವೊಂದು ಇತ್ತೆಂಬುದು ನಿಜ. ಅವನು ಗಾರೆಕೆಲಸ ಮಾಡಿದ್ದವನೆಂಬುದೂ ನಿಜ. ಅದೇ ವರ್ಷ ಆ್ಯಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಇಂಗ್ಲೆಂಡಿನ ಶ್ರೇಷ್ಠ ನಾವಿಕನನ್ನು ಸೋಲಿಸಿ ಅವನು ಚಿನ್ನದ ಪದಕ ಗೆದ್ದನು. ಇಪ್ಪತ್ತೇಳು ವರ್ಷಗಳ ಅನಂತರ, 1947ರಲ್ಲಿ, ಅವನ ಮಗ ಹೆನ್ಲಿಗೇ ಬಂದು ಅದೇ ಪಂದ್ಯವನ್ನು ಗೆದ್ದುಕೊಂಡು ಹೋದನು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಹೊರಟಿದ್ದ ಆಸ್ಟ್ರೇಲಿಯದ ತಂಡವನ್ನು, ಅದರ ಸದಸ್ಯರು ಪೋಲೀಸರೆಂಬ ಕಾರಣಕ್ಕೆ, ಹೆನ್ಲಿಯಲ್ಲಿ ಸೇರಿಸಲಿಲ್ಲ. ಆ ಅಪಹಾಸ್ಯವನ್ನು ತಡೆಯಲಾರದೆ 1937ರಲ್ಲಿ ಕೈಕೆಲಸದವರ ಮೇಲಿನ ನಿರ್ಬಂಧವನ್ನು ತೆಗೆದುಹಾಕಿದರು. ಎರಡು ಸಂಘಗಳೂ ಒಂದಾದದ್ದು 1956ರಲ್ಲಿ.

ಅಮೆರಿಕದ ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ದೋಣಿಪಂದ್ಯವೂ ಹಳೆಯದೇ. 1852ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಸರೋವರವೊಂದರಲ್ಲಿ ನಡೆದ ಅದು ಆ ದೇಶದ ಕಾಲೇಜುಗಳ ನಡುವೆ ನಡೆದ ಮೊತ್ತಮೊದಲ ಕ್ರೀಡಾಸ್ಪರ್ಧೆ. ಅದರ ಖರ್ಚನ್ನು ವಹಿಸಿದ್ದು ಒಂದು ರೈಲ್ವೆ ಕಂಪನಿ. ಜನ ಪಂದ್ಯ ನೋಡಲು ಬಂದರೆ ಟಿಕೇಟು ಮಾರಾಟವಾಗುವುದೆಂಬ ಲೆಕ್ಕ ಅದರದು. ಗೆದ್ದದ್ದು ಹಾರ್ವರ್ಡ್. ಕ್ರೀಡೆಯೂ ವ್ಯಾಪಾರವೂ ಜೊತೆಗೂಡುವುದು ಇಂದಿನ ಕಾಲದ ಕೇಡೆಂದು ಹೇಳುವವರು ಈ ವರ್ಷವನ್ನು ನೆನಪಿನಲ್ಲಿಡಬೇಕು.

ಮಹಿಳೆಯರ ವಿಷಯ ಬೇರೆಯೇ ಒಂದು ಅಧ್ಯಾಯ. ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರು ಮೊದಲ ಸಲ ಎದುರಾದದ್ದು 1927ರಲ್ಲಿ, ಆಕ್ಸ್‌ಫರ್ಡಿನಲ್ಲಿ. ಆಗ ಕೇಂಬ್ರಿಜ್ ತನ್ನ ವಿದ್ಯಾರ್ಥಿನಿಯರಿಗೆ ಪೂರ್ಣ ಪದವಿಯನ್ನೇ ಕೊಡುತ್ತಿರಲಿಲ್ಲ. ಅದನ್ನು ಕೊಟ್ಟದ್ದು 1948ರಲ್ಲಿ. ಹೆಣ್ಣುಮಕ್ಕಳು ಪಕ್ಕಪಕ್ಕದಲ್ಲಿ ಪೈಪೋಟಿ ನಡೆಸುವುದು ಸಭ್ಯವಲ್ಲವೆಂದು ಭಾವಿಸಿ, ಒಂದಾದ ಮೇಲೊಂದು ದೋಣಿಯನ್ನು ಓಡಿಸಿ ವೇಗಕ್ಕೂ ಶೈಲಿಗೂ ಪ್ರತ್ಯೇಕವಾಗಿ ಬೆಲೆಕಟ್ಟಿದರು. ದಂಡೆಯಲ್ಲಿ ನೆರೆದ ಗುಂಪು ಹಾರೈಸುವುದಕ್ಕಲ್ಲ, ಹೀಯಾಳಿಸುವುದಕ್ಕೆ ಬಂದಿತ್ತು. 1981ರಲ್ಲಿ ಸೂ ಬ್ರೌನ್ ಆಕ್ಸ್‌ಫರ್ಡ್ ಪುರುಷರ ದೋಣಿಗೆ ಚುಕ್ಕಾಣಿಗಳಾಗಿ, ಪುರುಷರ ಪಂದ್ಯದಲ್ಲಿ ಭಾಗವಹಿಸಿದ ಮೊದಲ ಮಹಿಳೆಯೆನಿಸಿದಳು. ಆ ವರ್ಷ ಆಕ್ಸ್‌ಫರ್ಡ್ ಎಂಟು ದೋಣಿಯುದ್ದಗಳಿಂದ ಗೆದ್ದಿತು. ಮಹಿಳೆಯರ ಪಂದ್ಯ ಪುರುಷರ ಪಂದ್ಯದ ದಿನವೇ, ಅದೇ ನೀರಿನಲ್ಲಿ, ಅದೇ ದೂರಕ್ಕೆ ನಡೆದದ್ದು 2015ರಲ್ಲಿ. 1829ರಿಂದ ಎಣಿಸಿದರೆ 186 ವರ್ಷ, 1927ರಿಂದ ಎಣಿಸಿದರೆ 88. ಎರಡು ವರ್ಷಗಳಲ್ಲಿಯೇ, 2017ರಲ್ಲಿ, ಕೇಂಬ್ರಿಜ್ ಮಹಿಳೆಯರು ಆ ಮಾರ್ಗವನ್ನು 18 ನಿಮಿಷ 33 ಸೆಕೆಂಡುಗಳಲ್ಲಿ ಮುಗಿಸಿ, ಎಷ್ಟೋ ಹಿಂದಿನ ಪುರುಷರ ತಂಡಗಳಿಗಿಂತ ಬೇಗ ದಾಟಿದರು.

ದೋಣಿಯ ಒಳಗಿನ ಒಗ್ಗಟ್ಟೂ ಸದಾ ಒಗ್ಗಟ್ಟಾಗಿರಲಿಲ್ಲ. 1959ರಲ್ಲಿಯೂ 1987ರಲ್ಲಿಯೂ ಆಕ್ಸ್‌ಫರ್ಡ್ ತಂಡದಲ್ಲಿ ಬಂಡಾಯವೆದ್ದಿತು. 1987ರಲ್ಲಿ ತರಬೇತುದಾರನ ಕ್ರಮವನ್ನೂ ಚುನಾಯಿತ ವಿದ್ಯಾರ್ಥಿ ನಾಯಕನ ಸ್ಥಾನವನ್ನೂ ಪ್ರಶ್ನಿಸಿ ಅನುಭವಿಗಳಾದ ಅಮೆರಿಕನ್ ನಾವಿಕರು ಹೊರನಡೆದರು. ಎರಡನೆಯ ದರ್ಜೆಯವರೆಂದು ಎಣಿಸಲ್ಪಟ್ಟವರನ್ನು ಕೂರಿಸಿಕೊಂಡು ಹೊರಟ ದೋಣಿ ನಾಲ್ಕು ದೋಣಿಯುದ್ದಗಳಿಂದ ಗೆದ್ದಿತು. ಗೆಲುವು ಯಾವ ಪಕ್ಷ ಸರಿಯೆಂಬುದನ್ನು ತೀರ್ಮಾನಿಸುವುದಿಲ್ಲವಾದರೂ, ಸಮರ್ಥರ ಗುಂಪಿಗಿಂತ ಕೂಡಿ ಎಳೆಯುವವರ ಗುಂಪು ಮೇಲೆಂದು ಹೇಳುವವರಿಗೆ ಅಂದಿನಿಂದ ಒಂದು ಉದಾಹರಣೆ ದೊರೆತಂತಾಯಿತು.

2012ರ ಪಂದ್ಯದಲ್ಲಿ ದೋಣಿಗಳ ದಾರಿಗೆ ಅಡ್ಡಲಾಗಿ ಒಬ್ಬ ಮನುಷ್ಯನ ತಲೆ ನೀರಿನಲ್ಲಿ ಕಾಣಿಸಿತು. ಟ್ರೆಂಟನ್ ಓಲ್ಡ್‌ಫೀಲ್ಡ್ ಎಂಬ ಆಸ್ಟ್ರೇಲಿಯದವನು, ಉಳ್ಳವರ ಮೇಲರಿಮೆಯನ್ನು ಪ್ರತಿಭಟಿಸುವುದಾಗಿ ಹೇಳಿ ನದಿಗಿಳಿದಿದ್ದನು. ಪಂದ್ಯವನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗ ಹುಟ್ಟುಗಳು ತಾಗಿ ಆಕ್ಸ್‌ಫರ್ಡಿನ ಒಬ್ಬನ ಹುಟ್ಟು ಮುರಿಯಿತು. ಏಳು ಹುಟ್ಟುಗಳಿಂದ ಎಳೆದು ಸೋತ ಆ ದೋಣಿಯಲ್ಲಿ ಇನ್ನೊಬ್ಬನು ಪ್ರಜ್ಞೆ ತಪ್ಪಿ ಬಿದ್ದನು. ಗೆದ್ದ ಕೇಂಬ್ರಿಜ್ಜಿಗೂ ಅಂದು ಸಂಭ್ರಮವಿರಲಿಲ್ಲ. ಪ್ರತಿಭಟಿಸಿದವನಿಗೆ ಆರು ತಿಂಗಳ ಸೆರೆಯಾಯಿತು. ತಿಂಗಳುಗಟ್ಟಲೆ ಬೆವರು ಸುರಿಸಿದ ಹದಿನೆಂಟು ಮಂದಿ ವಿದ್ಯಾರ್ಥಿಗಳ ಮೇಲೆ ಸಮಾಜದ ಅನ್ಯಾಯದ ಹೊರೆಯನ್ನು ಹೊರಿಸಿದ್ದು ಸರಿಯಲ್ಲ. ಆದರೂ ಆ ಹೆಸರು ಹಿಡಿದು ಆ ನೀರಿಗಿಳಿಯಬೇಕೆಂದು ಒಬ್ಬನಿಗೆ ತೋರುವುದಕ್ಕೆ 1879ರಷ್ಟು ಹಳೆಯ ಕಾರಣಗಳಿದ್ದವು.

ಈಚಿನ ವರ್ಷಗಳಲ್ಲಿ ನದಿಯೇ ತೊಂದರೆ ಕೊಟ್ಟಿದೆ. 2021ರಲ್ಲಿ ಸಾಂಕ್ರಾಮಿಕದ ಭಯವೂ ಹ್ಯಾಮರ್‌ಸ್ಮಿತ್ ಸೇತುವೆಯ ದುರವಸ್ಥೆಯೂ ಸೇರಿ ಪಂದ್ಯ ಲಂಡನ್ನನ್ನು ಬಿಟ್ಟು ಈಲಿ ಪಟ್ಟಣಕ್ಕೆ ಹೋಯಿತು, ಮೆರಿವೇಲ್ ಡೀನ್ ಆಗಿದ್ದ ಊರಿಗೆ. ಗೆದ್ದ ತಂಡವು ತನ್ನ ಚುಕ್ಕಾಣಿಗನನ್ನು ಎತ್ತಿ ನೀರಿಗೆ ಎಸೆಯುವುದು ಹಳೆಯ ಸಂಪ್ರದಾಯ. 2024ರಲ್ಲಿ ಥೇಮ್ಸಿನಲ್ಲಿ ಚರಂಡಿಯ ಕೊಳೆ ಸೇರಿ ರೋಗಾಣುಗಳು ಮಿತಿಮೀರಿದ್ದರಿಂದ ನೀರಿಗಿಳಿಯಬಾರದೆಂದು ತಂಡಗಳಿಗೆ ಎಚ್ಚರಿಕೆ ಕೊಡಬೇಕಾಯಿತು.

2025ರಲ್ಲಿ ದೋಣಿಯಲ್ಲಿ ಯಾರು ಕುಳಿತುಕೊಳ್ಳಬಹುದು ಎಂಬ ಪ್ರಶ್ನೆ ಮತ್ತೊಮ್ಮೆ ತಲೆಯೆತ್ತಿತು, ಅದೂ ಶಿಕ್ಷಕವೃತ್ತಿಗೆ ಸಂಬಂಧಿಸಿ. ಕೇಂಬ್ರಿಜ್ಜಿನ ನಾವಿಕರಲ್ಲಿ ಕೆಲವರು ಶಾಲಾ ಶಿಕ್ಷಕರಾಗುವುದಕ್ಕಾಗಿ ಪದವಿಯ ಅನಂತರದ ಶಿಕ್ಷಣ ತರಬೇತಿಯನ್ನು ಪಡೆಯುತ್ತಿದ್ದರು. ಅದು ಪದವಿಯಲ್ಲ, ಡಿಪ್ಲೊಮಾ ಮಟ್ಟದ್ದು. ಆದ್ದರಿಂದ ಪಂದ್ಯದ ನಿಯಮದಂತೆ ಅವರು ಅರ್ಹರಲ್ಲವೆಂದು ಆಕ್ಸ್‌ಫರ್ಡಿನ ಕಡೆಯಿಂದ ಆಕ್ಷೇಪ ಬಂದಿತು. ಹಿಂದಿನ ವರ್ಷಗಳಲ್ಲಿ ಇದೇ ತರಬೇತಿಯ ವಿದ್ಯಾರ್ಥಿಗಳು ಹುಟ್ಟು ಹಾಕಿದ್ದುಂಟು. ಆದರೂ ತೀರ್ಪು ಆಕ್ಷೇಪದ ಪರವಾಗಿ ಬಂದಿತು. ಬೆಳಗ್ಗೆ ನದಿಯಲ್ಲಿ ಅಭ್ಯಾಸ ಮಾಡಿ, ಹಗಲು ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ, ಸಂಜೆ ಮತ್ತೆ ಹುಟ್ಟು ಹಿಡಿಯುತ್ತಿದ್ದ ಆ ಭಾವೀ ಶಿಕ್ಷಕರು ದಡದಲ್ಲಿ ಉಳಿದರು. ಏಪ್ರಿಲ್ 13ರಂದು ಅವರ ಸ್ಥಾನಗಳಲ್ಲಿ ಬೇರೆಯವರು ಕುಳಿತು ಕೇಂಬ್ರಿಜ್ಜಿನ ದೋಣಿಗಳು ಹೊರಟವು. ಪುರುಷರ ಪಂದ್ಯವನ್ನೂ ಮಹಿಳೆಯರ ಪಂದ್ಯವನ್ನೂ ಗೆದ್ದದ್ದು ಕೇಂಬ್ರಿಜ್ಜೇ.